ಪಾಸ್‌ವರ್ಡ್ ದಾಸೋಹ

ಸರ್ಕಾರಿ ನೌಕರರು ಎಲ್ಲವನ್ನೂ ಗುಟ್ಟಾಗಿಡುತ್ತಾರೆ ಎಂಬ ದೂರನ್ನು ನಾನು ಒಪ್ಪುವವನಲ್ಲ. ಅರ್ಜಿ ಎಲ್ಲಿಗೆ ಬಂತು, ಕಡತ ಯಾರ ಮೇಜಿನ ಮೇಲೆ ಕೂತಿದೆ, ಸಾಹೇಬರು ಮೀಟಿಂಗ್ ಮುಗಿಸಿ ಎಷ್ಟೊತ್ತಿಗೆ ಬರುತ್ತಾರೆ ಎಂಬಂಥ ಸಣ್ಣಪುಟ್ಟ ಸಂಗತಿಗಳನ್ನು ಅವರು ಹೇಳದೇ ಇರಬಹುದು. ಆದರೆ ಪಾಸ್‌ವರ್ಡ್ ಹಂಚುವುದರಲ್ಲಿ ಅವರಷ್ಟು ಉದಾರಿಗಳು ಸಿಗುವುದಿಲ್ಲ. ಬ್ಯಾಂಕುಗಳು, ಸಾಫ್ಟ್‌ವೇರ್ ಕಂಪನಿಗಳು ಕೋಟಿಗಟ್ಟಲೆ ಸುರಿದು ಕಾಯುವ ವಸ್ತುವನ್ನು ನಮ್ಮ ಕಡೆಯ ಕಚೇರಿಗಳು ಬಂದವರ ಕಣ್ಣಿಗೆ ಬೀಳುವಂತೆ ಇಟ್ಟು, ಮೇಲೊಂದು ಕಪ್ಪು ಚಹಾನೂ ಕೊಡುತ್ತವೆ.

ನಾನು ಹೇಳುತ್ತಿರುವ ಕಚೇರಿ ಯಾವ ಇಲಾಖೆಯದು, ಯಾವ ಊರಿನದು ಎಂದು ಕೇಳಬಾರದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ನಮ್ಮ ಸುತ್ತ ನಾಲ್ಕು ತಾಲ್ಲೂಕುಗಳಿವೆ. ಒಂದರ ಹೆಸರೆತ್ತಿದರೆ ಉಳಿದ ಮೂರಕ್ಕೆ ಅನ್ಯಾಯ. ಹೆಮ್ಮೆಯ ವಿಷಯದಲ್ಲಿ ಪಕ್ಷಪಾತ ಸಲ್ಲದು.

ಇದರಲ್ಲಿ ನೆಲದ ಗುಣವೂ ಇದ್ದೀತು. ನಮ್ಮ ಎಂ.ಕೆ. ಹುಬ್ಬಳ್ಳಿ, ಅಂದರೆ ಮುಗುಟಖಾನ ಹುಬ್ಬಳ್ಳಿ, ಬೆಳಗಾವಿ–ಧಾರವಾಡ ಹೆದ್ದಾರಿಯ ಮೇಲೆ, ಮಲಪ್ರಭೆಯ ದಂಡೆಗಿರುವ ಊರು. ಒಂದು ಸಹಕಾರಿ ಸಕ್ಕರೆ ಕಾರ್ಖಾನೆ, ಒಂದು ಪಟ್ಟಣ ಪಂಚಾಯಿತಿ, ಹೊಳೆಯೊಳಗೆ ಬಸವಣ್ಣನವರ ಪತ್ನಿ ಗಂಗಾಂಬಿಕೆಯ ಐಕ್ಯಮಂಟಪ. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು. ಭಂಡಾರ ಸೋರುತ್ತಿದೆ ಎಂದು ಯಾರೋ ಚಾಡಿ ಹೇಳಿ, ಲೆಕ್ಕ ತೆಗೆದು ನೋಡಿದಾಗ ಒಂದು ಹಾಗವೂ ಕಡಿಮೆ ಬರಲಿಲ್ಲ ಎಂಬುದು ನಮ್ಮಲ್ಲಿ ಹಿರಿಯರು ಹೇಳಿಕೊಂಡು ಬಂದ ಕಥೆ. ಅದೇ ಪರಂಪರೆಯ ನಮ್ಮ ಕಚೇರಿಯಲ್ಲೂ ಲೆಕ್ಕ ಕಡಿಮೆ ಬರುವುದಿಲ್ಲ. ಹೆಚ್ಚೇ ಬರುತ್ತದೆ. ಒಬ್ಬರೇ ಅಧಿಕಾರಿ ಒಂದೇ ಮಧ್ಯಾಹ್ನ ತಾಲ್ಲೂಕು ಕೇಂದ್ರದಲ್ಲಿ ವಿಡಿಯೋ ಕಾನ್ಫರೆನ್ಸಿಗೆ ಕೂತು, ಅದೇ ಹೊತ್ತಿಗೆ ಕಚೇರಿಯ ಗಣಕಯಂತ್ರದಲ್ಲಿ ಅರ್ಜಿ ವಿಲೇವಾರಿ ಮಾಡಿ, ಜೊತೆಗೆ ಎದುರುಗಡೆಯ ಝೆರಾಕ್ಸ್ ಅಂಗಡಿಯಿಂದಲೂ ಲಾಗಿನ್ ಆಗಿದ್ದನ್ನು ದಾಖಲೆಗಳು ತೋರಿಸುತ್ತವೆ. ಇಂಥ ಕಾರ್ಯತತ್ಪರತೆಗೆ ಪವಾಡ ಎನ್ನದೆ ಬೇರೆ ಹೆಸರಿಲ್ಲ.

ಈಗ ಚೀಟಿಯ ವಿಷಯ. ಮಾನಿಟರಿನ ಕೆಳಗಿನ ಅಂಚಿಗೆ ಅಂಟಿದ ಈ ಚೀಟಿ ಹಳೆಯದೊಂದು ಜಾತಿ–ಆದಾಯ ಅರ್ಜಿಯ ಹಿಂಬದಿ ಹರಿದು ಮಾಡಿದ್ದು. ನೀಲಿ ಬಾಲ್‌ಪೆನ್ನಿನಲ್ಲಿ ಯೂಸರ್ ಐಡಿ, ಅದರ ಕೆಳಗೆ ಪಾಸ್‌ವರ್ಡ್. ಶಾಯಿ ಮಸುಕಾದಾಗ ಯಾರೋ ಪುಣ್ಯಾತ್ಮರು ಕೆಂಪು ಸ್ಕೆಚ್‌ಪೆನ್ನಿನಿಂದ ತಿದ್ದಿದ್ದಾರೆ. ಹೊಸಬರಿಗೆ ಗೊಂದಲವಾಗಬಾರದೆಂದು ಮೊದಲ ಅಕ್ಷರಕ್ಕೆ ಬಾಣ ಎಳೆದು ‘ಇದು ದೊಡ್ಡದು’ ಎಂದು ಬರೆದಿದೆ. ಮೂಲೆಯಲ್ಲಿ ಚಹಾ ಕಪ್ಪಿನ ಅರ್ಧ ವರ್ತುಲ. ಪಾಸ್‌ವರ್ಡ್ ‘ಕಿತ್ತೂರು@1824’.

ಆ ಆಯ್ಕೆಯ ಜಾಣತನವನ್ನು ಗಮನಿಸಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಕಂಪನಿ ಸರ್ಕಾರದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು ನಮ್ಮ ಕಡೆ ಕನ್ನಡ ಸಾಲಿಯ ಹುಡುಗನಿಗೂ ಬಾಯಿಪಾಠ. ಆದ್ದರಿಂದ ಸಾಹೇಬರು ರಜೆ ಹಾಕಿದರೂ, ಚೀಟಿ ಕಿತ್ತು ಬಿದ್ದರೂ ಕೆಲಸ ನಿಲ್ಲುವುದಿಲ್ಲ. ಪಕ್ಕದ ಮೇಜಿನದು ‘ರಾಯಣ್ಣ@1831’. ಅದರಾಚೆ ‘ಎಲ್ಲಮ್ಮ@123’, ‘ಬಸವ@123’. ಹುತಾತ್ಮರನ್ನೂ ದೇವರನ್ನೂ ಶರಣರನ್ನೂ ದಿನಕ್ಕೆ ಹತ್ತು ಸಲ ಬೆರಳಿನಲ್ಲಿ ನೆನೆಯುವ ಇನ್ನೊಂದು ಕಚೇರಿ ಇದ್ದರೆ ತೋರಿಸಿ. ಪಾಸ್‌ವರ್ಡ್ ಊಹಿಸುವ ಪ್ರೋಗ್ರಾಂಗಳು ಊರಿನ ಹೆಸರು, ದೇವರ ಹೆಸರು, ಇಸವಿ, 123 ಇವುಗಳ ಪಟ್ಟಿ ಇಟ್ಟುಕೊಂಡೇ ಒಂದೊಂದಾಗಿ ಬಾಗಿಲು ಬಡಿಯುತ್ತವೆ ಎಂದು ತಿಳಿದವರು ಹೆದರಿಸುತ್ತಾರೆ. ಬಡಿಯಲಿ. ಎಲ್ಲೋ ಕೂತ ಕಳ್ಳನಿಗೂ ಆ ನೆಪದಲ್ಲಿ ನಾಲ್ಕಕ್ಷರ ಕಿತ್ತೂರಿನ ಇತಿಹಾಸ ಗೊತ್ತಾಗಲಿ.

ಕೇಂದ್ರದ ರಾಷ್ಟ್ರೀಯ ಮಾಹಿತಿ ಕೇಂದ್ರ 2022ರ ಜೂನ್‌ನಲ್ಲಿ ಸರ್ಕಾರಿ ನೌಕರರಿಗೆಂದೇ ಸೈಬರ್ ಸುರಕ್ಷತೆಯ ಮಾರ್ಗಸೂಚಿ ಹೊರಡಿಸಿತು. ಪಾಸ್‌ವರ್ಡನ್ನು ಅಂಟುಚೀಟಿಯಲ್ಲಿ ಬರೆದಿಡಬೇಡಿ, 45 ದಿನಕ್ಕೊಮ್ಮೆಯಾದರೂ ಬದಲಿಸಿ, ಇಲಾಖೆಯ ಕಾಗದಗಳನ್ನು ಹೊರಗಿನ ಸ್ಕ್ಯಾನರ್ ಆ್ಯಪ್‌ಗಳಲ್ಲಿ ಸ್ಕ್ಯಾನ್ ಮಾಡಬೇಡಿ, ಖಾಸಗಿ ಕಂಪನಿಗಳ ಡ್ರೈವ್‌ಗಳಲ್ಲಿ ಇಡಬೇಡಿ ಎಂದೆಲ್ಲ ಅದರಲ್ಲಿತ್ತು. ನಮ್ಮವರು ಅಕ್ಷರಶಃ ಪಾಲಿಸಿದರು. ಅಂಟುಚೀಟಿ ಬೇಡ ಎಂದಿದೆ. ಇದು ಅಂಟುಚೀಟಿಯಲ್ಲ, ಸಾದಾ ಚೀಟಿಗೆ ಸೆಲ್ಲೋಟೇಪ್ ಹಚ್ಚಿದ್ದು. 45 ದಿನಕ್ಕೊಮ್ಮೆ ಬದಲಿಸಿ ಎಂದಿದೆ. ‘ಬಸವ@123’ ಮರುಸಲ ‘ಬಸವ@124’ ಆಯಿತು, ಆಮೇಲೆ 125. ವರ್ಷಕ್ಕೆ ಎಂಟು ಮೆಟ್ಟಿಲು. ಇಂದಿನ ತಾರೀಖು ಗೊತ್ತಿದ್ದವರು ಕಾಗದ–ಪೆನ್ಸಿಲ್ ಹಿಡಿದು ಇವತ್ತಿನ ಪಾಸ್‌ವರ್ಡನ್ನು ಲೆಕ್ಕ ಹಾಕಿ ತೆಗೆಯಬಹುದು. ಇಷ್ಟು ನಿಯಮಿತವಾಗಿ ಮುಂದೆ ಸಾಗುವ ಬೇರೆ ಯಾವ ಕೆಲಸವನ್ನೂ ನಾನು ಆ ಕಚೇರಿಯಲ್ಲಿ ಕಂಡಿಲ್ಲ.

ಪಾಸ್‌ವರ್ಡ್ ಒಂದೇ ಸಾಲದು, ಮೊಬೈಲಿಗೆ ಬರುವ ಓಟಿಪಿಯೂ ಬೇಕು ಎಂದು ಮೇಲಿನವರು ಇನ್ನೊಂದು ಬಾಗಿಲು ಕೂಡಿಸಿದರು. ಅದಕ್ಕೂ ನಮ್ಮಲ್ಲಿ ಏರ್ಪಾಡಿದೆ. ಲಾಗಿನ್ ಇನ್ನೂ ಹಿಂದಿನ ಸಾಹೇಬರ ನಂಬರಿನ ಮೇಲಿದೆ. ಅವರು ಬದಲಿಯಾಗಿ ಬೇರೆ ಜಿಲ್ಲೆಗೆ ಹೋಗಿ ಬಹಳ ದಿನವಾಗಿದೆ. ಹೋದವರ ಲಾಗಿನ್ ಮುಚ್ಚಬೇಕೆಂಬ ನಿಯಮ ಇದ್ದೇ ಇದೆ, ಆದರೆ ಬೀಳ್ಕೊಡುಗೆಯ ದಿನ ಶಾಲು, ಹಾರ, ಫೋಟೋಗಳ ಗದ್ದಲದಲ್ಲಿ ಅಂಥ ಮಾತೆತ್ತುವುದು ಅಮಂಗಳ. ಆಪರೇಟರ್ ಫೋನ್ ಹಚ್ಚುತ್ತಾನೆ: “ನಮಸ್ಕಾರ್ರಿ ಸರ, ಆರಾಮ್ರಿ? ಒಂದು ಓಟಿಪಿ ಬಂದಿರಬೇಕು ನೋಡ್ರಿ.” ಆ ಕಡೆ ಬಸ್ಸಿನ ಗದ್ದಲ. ಸಾಹೇಬರು ಒಂದೊಂದೇ ಅಂಕಿಯನ್ನು ಕೂಗಿ ಹೇಳುತ್ತಾರೆ. ಕೇಳಿಸಲಿಲ್ಲವೆಂದು ಇವನು ಸ್ಪೀಕರ್ ಹಾಕುತ್ತಾನೆ. ಆ ಬಸ್ಸಿನವರೂ ಈ ಸರತಿಯವರೂ ಕೂಡಿಯೇ ಕೇಳುತ್ತಾರೆ. ಕೊನೆಯ ಅಂಕಿ ಎಂಟೋ ಒಂಬತ್ತೋ ಎಂದು ಆಪರೇಟರ್ ತಡವರಿಸಿದಾಗ ಬಾಕಿನ ಮೇಲೆ ಕೂತ ಅಜ್ಜ “ಎಂಟು, ಎಂಟು” ಎಂದು ತಿದ್ದಿದ್ದನ್ನು ನಾನೇ ಕೇಳಿದ್ದೇನೆ. ಆಡಳಿತದಲ್ಲಿ ಜನರ ಸಹಭಾಗಿತ್ವ ಎಂದು ಭಾಷಣ ಮಾಡುವವರು ಅಲ್ಲಿದ್ದು ಕಲಿಯಬೇಕಿತ್ತು.

ಡಿಜಿಟಲ್ ಸಹಿಯ ಕೀಲಿಯದು ಇನ್ನೂ ದೊಡ್ಡ ಕಥೆ. ನೋಡಲು ಪೆನ್‌ಡ್ರೈವ್. ಒಳಗಿನ ಚಿಪ್ಪಿನಲ್ಲಿ ಆ ಅಧಿಕಾರಿಯ ಗುಪ್ತ ಕೀಲಿ ಕೂತಿರುತ್ತದೆ. ಯಂತ್ರಕ್ಕೆ ಚುಚ್ಚಿ ಪಿನ್ ಒತ್ತಿದರೆ ಅವರ ಸಹಿ ಬೀಳುತ್ತದೆ. ಕಾಗದದ ಸಹಿಯನ್ನಾದರೆ ‘ಇದು ನನ್ನದಲ್ಲ, ನಕಲಿ’ ಎಂದು ತಜ್ಞರ ಬಳಿ ಕಳಿಸಬಹುದು. ಇದರಲ್ಲಿ ಆ ಮಾತಿಗೆ ಆಸ್ಪದವಿಲ್ಲ, ಏಕೆಂದರೆ ಗಣಿತಕ್ಕೆ ಕೀಲಿ ಗೊತ್ತು, ಚುಚ್ಚಿದ ಕೈ ಗೊತ್ತಿಲ್ಲ. ಅದಕ್ಕೇ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 42ನೇ ಕಲಮು ಕೀಲಿಯನ್ನು ಒಡೆಯನೇ ಜೋಪಾನ ಮಾಡಬೇಕೆನ್ನುತ್ತದೆ. ಇನ್ನೊಬ್ಬರ ಸಹಿಯನ್ನೋ ಪಾಸ್‌ವರ್ಡನ್ನೋ ಮೋಸದಿಂದ ಬಳಸಿದರೆ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ನಮ್ಮ ಕಚೇರಿಯಲ್ಲಿ ಈ ಕೀಲಿ ಅಲಮಾರಿಯ ಕೀಲಿ, ಶೌಚಾಲಯದ ಕೀಲಿಗಳ ಜೊತೆ ಒಂದೇ ಮೊಳೆಗೆ ತೂಗುತ್ತದೆ. ಕಳೆಯಬಾರದೆಂದು ಕೆಂಪು ಟೇಪು ಕಟ್ಟಿದ್ದಾರೆ. ಪಿನ್ ಬೇಕಾದವರು ಮೇಲೆ ಹೇಳಿದ ಚೀಟಿಯ ಮೂರನೇ ಸಾಲು ನೋಡಬಹುದು.

ಇದನ್ನು ನಿಷ್ಕಾಳಜಿ ಎನ್ನುವವರಿಗೆ ಸಮಾನತೆ ಕಾಣಿಸುವುದಿಲ್ಲ. ಹೊರಗುತ್ತಿಗೆಯ ಆಪರೇಟರ್, ಮೂರು ತಿಂಗಳಿಗೊಮ್ಮೆ ಪಗಾರ ಬಂದರೆ ಬಂತು ಎನ್ನುವ ಹುಡುಗ, ಗೆಜೆಟೆಡ್ ಅಧಿಕಾರಿಯ ಹಸ್ತದಿಂದ ದಿನವಿಡೀ ಸಹಿ ಹಾಕುತ್ತಾನೆ. ಕಾಯಕದಲ್ಲಿ ಮೇಲು–ಕೀಳಿಲ್ಲ ಎಂಬುದನ್ನು ಇದಕ್ಕಿಂತ ಚೆಂದಾಗಿ ಯಾರೂ ಆಚರಣೆಗೆ ತಂದಿಲ್ಲ. ನಾಳೆ ಯಾರದೋ ಹೊಲ ಯಾರದೋ ಹೆಸರಿಗೆ ಹತ್ತಿದರೆ ಮಾತ್ರ ಸಹಿ ಸಾಹೇಬರದು, ಕೈ ಹುಡುಗನದು, ಹೊಲ ಮೂರನೆಯವರದು; ತನಿಖೆಗೆ ಬಂದವರಿಗೆ ಚಹಾ ಎದುರಿನ ಅಂಗಡಿಯದು.

ಕಿತ್ತೂರಿನವರ ಮುಂದೆ ಈ ಮಾತು ಹೇಳುವಾಗ ನಾನು ಸ್ವಲ್ಪ ದನಿ ತಗ್ಗಿಸುತ್ತೇನೆ. ಮೊದಲ ಯುದ್ಧ ಗೆದ್ದ ಕೋಟೆ ಅದೇ ವರ್ಷದ ಡಿಸೆಂಬರಿನಲ್ಲಿ ಬಿತ್ತು. ಒಳಗಿನವರೇ ಮದ್ದಿಗೆ ಸಗಣಿ ಬೆರೆಸಿದರು, ತೋಪು ಹಾರಲಿಲ್ಲ ಎಂದು ಜನ ಇಂದಿಗೂ ಮಲ್ಲಪ್ಪಶೆಟ್ಟಿ, ವೆಂಕಟರಾಯರ ಹೆಸರು ಹಿಡಿದು ಬೈಯುತ್ತಾರೆ. ಆ ಕಾಲದಲ್ಲಿ ಒಳಗಿನವನನ್ನು ಒಲಿಸಲು ಕಂಪನಿ ಸರ್ಕಾರ ಆಸೆ ತೋರಿಸಬೇಕಾಗಿತ್ತು, ಮಾತು ಕೊಡಬೇಕಾಗಿತ್ತು. ಈಗ ಅಷ್ಟು ಖರ್ಚಿಲ್ಲ. ದ್ರೋಹದ ಪ್ರಶ್ನೆಯೇ ಏಳುವುದಿಲ್ಲ. ಎಲ್ಲವೂ ನಂಬಿಕೆಯ ಮೇಲೆ, ನಗುನಗುತ್ತ ನಡೆಯುತ್ತದೆ. ಎರಡು ಶತಮಾನದಲ್ಲಿ ನಾವು ಕಂಡ ಪ್ರಗತಿಯಿದು.

ಇನ್ನು ಅತಿಥಿಸತ್ಕಾರ. ವಾಟ್ಸ್‌ಆ್ಯಪ್‌ಗೆ ಒಂದು ಮದುವೆಯ ಕರೆಯೋಲೆ ಬರುತ್ತದೆ. ಪಿಡಿಎಫ್ ಅಲ್ಲ, ಫೋಟೋ ಅಲ್ಲ, ಕೊನೆಗೆ ‘ಎಪಿಕೆ’ ಎಂಬ ಮೂರಕ್ಷರ. ಒತ್ತಿದರೆ ಅದು ಕರೆಯೋಲೆ ಅಲ್ಲ, ಆ್ಯಪ್; ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತದೆ, ಕೊಟ್ಟರೆ ಬ್ಯಾಂಕಿನ ಓಟಿಪಿಗಳನ್ನು ಯಾರಿಗೋ ದಾಟಿಸುತ್ತದೆ, ನಿಮ್ಮ ಹೆಸರಿನಲ್ಲೇ ನಿಮ್ಮ ಬಳಗಕ್ಕೆಲ್ಲ ಅದೇ ಕರೆಯೋಲೆ ಹಂಚುತ್ತದೆ. ಟ್ರಾಫಿಕ್ ದಂಡದ ಚಲನ್ ಎಂದೋ ಪಿಎಂ ಕಿಸಾನ್ ಕಂತು ಎಂದೋ ವೇಷ ಬದಲಿಸಿಯೂ ಬರುವುದುಂಟು. ಬೇರೆ ಊರಿನವರು ಅಳಿಸಿ ಹಾಕಿಯಾರು. ನಮ್ಮ ಕಡೆ ಲಗ್ನದ ಕಾಗದ ತೆರೆಯದೆ ಬಿಡುವುದೆಂದರೆ ಬೀಗತನವನ್ನೇ ಮುರಿದಂತೆ. ಯಾರ ಮದುವೆ ಎಂದು ತಿಳಿಯಲಿಲ್ಲವಾದರೂ ನಮ್ಮ ಕಚೇರಿಯ ಒಬ್ಬ ಹಿರಿಯ ಗುಮಾಸ್ತರು ಅದನ್ನು ತೆರೆದರು. ಏನೂ ಕಾಣದಿದ್ದಾಗ ಫೋನು ಹಳೆಯದಾಯಿತೆಂದು ಕಚೇರಿಯ ಅಧಿಕೃತ ಗುಂಪಿಗೆ ಕಳಿಸಿ, ‘ಯಾರದರ ಓಪನ್ ಆದರ ತಾರೀಖು ತಿಳಿಸ್ರಿ’ ಎಂದು ಬರೆದರು. ಸಂಜೆಯೊಳಗೆ ಇಡೀ ಸಿಬ್ಬಂದಿ ಒಂದೇ ಮನೆಯವರಂತೆ ಆ ಮದುವೆಯಲ್ಲಿ ಭಾಗವಹಿಸಿತ್ತು.

ವಿಧೇಯತೆಯೂ ಅಷ್ಟೇ. ಮೇಲಧಿಕಾರಿಯ ಫೋಟೋ ಹಾಕಿಕೊಂಡ ಅಪರಿಚಿತ ನಂಬರಿನಿಂದ ‘ಮೀಟಿಂಗ್‌ನಲ್ಲಿದ್ದೇನೆ, ಮಾತಾಡಲಾಗದು, ತುರ್ತಾಗಿ ಗಿಫ್ಟ್ ಕಾರ್ಡ್ ಕಳಿಸಿ’ ಎಂಬ ಸಂದೇಶ ಬರುವುದು ದೇಶದಾದ್ಯಂತ ನಡೆದಿದೆ. ಜಿಲ್ಲಾಧಿಕಾರಿಗಳ, ಪೊಲೀಸ್ ವರಿಷ್ಠರ ಹೆಸರಿನಲ್ಲಿ ನಕಲಿ ಫೇಸ್‌ಬುಕ್ ಖಾತೆಗಳೂ ಬಂದಿವೆ. ಈ ವಂಚನೆ ಗೆಲ್ಲುವುದಕ್ಕೆ ತಂತ್ರಜ್ಞಾನ ಕಾರಣವಲ್ಲ. ‘ಸರ್, ಇದು ನೀವೇನಾ?’ ಎಂದು ಮರಳಿ ಫೋನ್ ಮಾಡಿ ಕೇಳುವ ಧೈರ್ಯ ಯಾವ ಕಚೇರಿಯಲ್ಲಿ ಇಲ್ಲವೋ ಅಲ್ಲಿ ಅದು ಗೆಲ್ಲುತ್ತದೆ. ಸಾಹೇಬರ ಸಂದೇಶಕ್ಕೆ ಎರಡು ನಿಮಿಷದೊಳಗೆ ಕೈಮುಗಿದ ಚಿತ್ರ ಹಾಕದವರಿಗೆ ನೋಟಿಸ್ ಕೊಡುವ ಪದ್ಧತಿಯನ್ನು ವರ್ಷಗಟ್ಟಲೆ ಬೆಳೆಸಿದ ಮೇಲೆ, ಕಳ್ಳನಿಗೂ ಅದೇ ಚಿತ್ರ ಸಿಗುವುದರಲ್ಲಿ ಆಶ್ಚರ್ಯವಿಲ್ಲ.

ನಮ್ಮ ಸಾಧನೆ ಬರೀ ಹಳ್ಳಿಗಾಡಿನದೆಂದು ಯಾರೂ ತಿಳಿಯಬಾರದು. ರಾಜಧಾನಿಯೂ ಹಿಂದೆ ಬಿದ್ದಿಲ್ಲ. 2019ರಲ್ಲಿ ರಾಜ್ಯದ ಇ–ಪ್ರೊಕ್ಯೂರ್‌ಮೆಂಟ್ ಜಾಲಕ್ಕೆ ನುಗ್ಗಿದವರು ಗುತ್ತಿಗೆದಾರರು ಇಟ್ಟಿದ್ದ ಠೇವಣಿ ಹಣದಲ್ಲಿ ಸುಮಾರು 11.5 ಕೋಟಿ ರೂಪಾಯಿ ಬೇರೆ ಖಾತೆಗಳಿಗೆ ಹರಿಸಿದರು. ಟೆಂಡರಿನ ಹಣ ಇಷ್ಟು ಬೇಗ ಬಿಡುಗಡೆಯಾದದ್ದು ಇಲಾಖೆಯ ಚರಿತ್ರೆಯಲ್ಲೇ ಅಪರೂಪ. 2023ರಲ್ಲಿ ಆಸ್ತಿ ನೋಂದಣಿಯ ಕಾವೇರಿ ಜಾಲದ ಪತ್ರಗಳಲ್ಲಿದ್ದ ಹೆಬ್ಬೆಟ್ಟುಗಳನ್ನು ಕದ್ದು, ಅಚ್ಚು ತೆಗೆದು, ಆಧಾರ್ ಆಧಾರಿತ ಪಾವತಿಯ ಯಂತ್ರದ ಮೇಲೆ ಒತ್ತಿ, ಒಂದೊಂದು ಸಲಕ್ಕೆ ಹತ್ತು ಸಾವಿರದವರೆಗೆ ಜನರ ಖಾತೆಯಿಂದ ಎತ್ತಿದ ಪ್ರಕರಣಗಳು ಹೊರಬಿದ್ದವು. ಆಮೇಲೆ ಸರ್ಕಾರ ಪತ್ರಗಳಲ್ಲಿನ ಬೆರಳಚ್ಚನ್ನು, ಆಧಾರ್ ಸಂಖ್ಯೆಯನ್ನು ಮರೆಮಾಡಿತು. ಹೊಲ ಮಾರಿದ್ದಕ್ಕೆ ಹೆಬ್ಬೆಟ್ಟು ಒತ್ತಿದವನ ಹೆಬ್ಬೆಟ್ಟೇ ಮುಂದೆ ಅವನ ಬ್ಯಾಂಕಿಗೆ ಹೋಗಿ ಬಂದದ್ದು. ಪಾಸ್‌ವರ್ಡಾದರೆ 124 ಮಾಡಬಹುದು, ಹೆಬ್ಬೆಟ್ಟಿಗೆ ಆ ಸೌಕರ್ಯವಿಲ್ಲ ಎಂಬುದೊಂದೇ ಇದರಲ್ಲಿನ ಕೊರತೆ.

2025ರ ಜನವರಿಯಲ್ಲಿ ಅದೇ ಕಾವೇರಿ 2.0 ಜಾಲದ ಮೇಲೆ ಇನ್ನೊಂದು ನಮೂನೆಯ ದಾಳಿ. ಋಣಭಾರ ಪತ್ರ ಹುಡುಕುವ ನೆಪದಲ್ಲಿ ಎರಡು ತಾಸಿನಲ್ಲಿ 6.2 ಲಕ್ಷ ಕೋರಿಕೆ. 62 ಖಾತೆ, 14 ಐಪಿ ವಿಳಾಸ. ಯಂತ್ರಗಳು ಸಾಲುಗಟ್ಟಿ ನಿಂತು ಒಂದೇ ಪ್ರಶ್ನೆ ಕೇಳಿ ಕೇಳಿ ಸರ್ವರನ್ನು ದಣಿಸಿಬಿಟ್ಟವು. ರಾಜ್ಯದಲ್ಲಿ ಆಸ್ತಿ ನೋಂದಣಿ ಕುಂಟಿತು. ಸುದ್ದಿ ಓದಿದಾಗ ನನಗೆ ಆ ದಾಳಿಕೋರರ ಬಗ್ಗೆ ಕನಿಕರವೇ ಆಯಿತು. ನಮ್ಮ ಕಡೆ ‘ಸರ್ವರ್ ಡೌನ್’ ಎಂಬ ಸ್ಥಿತಿಗೆ ಬರಲು ಯಾರೂ ಇಷ್ಟು ಕಷ್ಟಪಡಬೇಕಾಗಿಲ್ಲ. ಬೆಳಿಗ್ಗೆ ಹನ್ನೊಂದಾದರೆ ಸಾಕು.

‘ಸರ್ವರ್ ಡೌನ್’ ಬಗ್ಗೆ ಜನ ಸುಮ್ಮನೆ ಗೊಣಗುತ್ತಾರೆ. ಅದು ನಮ್ಮ ಕೊನೆಯ, ಅತ್ಯಂತ ಗಟ್ಟಿಯಾದ ಕೋಟೆ. ಸರ್ವರಿಗೆ ಸರ್ಕಾರಿ ನೌಕರನೇ ಹೊಕ್ಕಲಾರದಿದ್ದರೆ ಹ್ಯಾಕರ್ ಎಲ್ಲಿಂದ ಹೊಕ್ಕಾನು? ತಿಗಡೊಳ್ಳಿ ಕಡೆಯಿಂದ ಪಹಣಿಗೆ ಬಂದ ರೈತ, ಸವದತ್ತಿಯಿಂದ ಮಗಳ ಪ್ರಮಾಣಪತ್ರಕ್ಕೆ ಅಲೆಯುವ ತಾಯಿ, ಒಬ್ಬರನ್ನೂ ಬಿಡದೆ ಹೊರಗೆ ನಿಲ್ಲಿಸುವ ಈ ಗೋಡೆಗೆ ಭೇದಭಾವ ಗೊತ್ತಿಲ್ಲ. ಎರಡು ಕೋಟಿ ಪಹಣಿಗಳನ್ನು, ಸುಮಾರು 67 ಲಕ್ಷ ರೈತರ ದಾಖಲೆಗಳನ್ನು ಗಣಕಕ್ಕೆ ಹತ್ತಿಸಿ, ನೌಕರನ ಬೆರಳಚ್ಚು ಇಲ್ಲದೆ ಯಾವ ಬದಲಾವಣೆಯೂ ಆಗದಂತೆ ‘ಭೂಮಿ’ಯನ್ನು ಕಟ್ಟಿದ ರಾಜ್ಯ ನಮ್ಮದು, ದೇಶದ ಮೊದಲ ಸೈಬರ್ ಅಪರಾಧ ಪೊಲೀಸ್ ಠಾಣೆ ತೆರೆದದ್ದೂ 2001ರಲ್ಲಿ ಬೆಂಗಳೂರಿನಲ್ಲೇ. ಅಡಿಪಾಯ ಅಷ್ಟು ಭದ್ರವಾಗಿ ಬಿದ್ದದ್ದರಿಂದ ಮೇಲಿನ ಅಂತಸ್ತುಗಳಿಗೆ ಬಾಗಿಲು ಕೂಡಿಸುವ ಅಗತ್ಯ ಯಾರಿಗೂ ಕಾಣಲಿಲ್ಲ.

ಯಂತ್ರಗಳ ವಿಷಯ ಸ್ವಲ್ಪದರಲ್ಲೇ ಮುಗಿಸುತ್ತೇನೆ. ವಿಂಡೋಸ್ 7ಕ್ಕೆ ಅದರ ಕಂಪನಿ 2020ರ ಜನವರಿ 14ಕ್ಕೆ ಎಳ್ಳುನೀರು ಬಿಟ್ಟಿತು; ಆಮೇಲೆ ಸಿಕ್ಕ ತೂತುಗಳಿಗೆ ತೇಪೆ ಬರುವುದಿಲ್ಲ. ನಮ್ಮ ಕಚೇರಿಯ ಒಂದು ಯಂತ್ರ ಇನ್ನೂ ಅದರ ಮೇಲೇ ಓಡುತ್ತದೆ. ಹಳಬರನ್ನು ಮನೆಯಿಂದ ಹೊರಗೆ ಹಾಕುವ ಸಂಸ್ಕೃತಿ ನಮ್ಮದಲ್ಲ. 2017ರ ಮೇ ತಿಂಗಳಲ್ಲಿ ‘ವಾನ್ನಾಕ್ರೈ’ ಎಂಬ ಒತ್ತೆಹಣದ ಹುಳು ಜಗತ್ತನ್ನೆಲ್ಲ ಸುತ್ತಿದಾಗ ನೆರೆಯ ಆಂಧ್ರದಲ್ಲಿ ಪೊಲೀಸರ ಗಣಕಯಂತ್ರಗಳೇ ಒತ್ತೆಯಾದವು. ಪೊಲೀಸರನ್ನೇ ಹಿಡಿದದ್ದು ತೇಪೆ ಹಾಕದ ಇಂಥ ತೂತಿನಿಂದಲೇ. ಇಂಟರ್‌ನೆಟ್ಟೇ ಇಲ್ಲದ ಯಂತ್ರಕ್ಕೂ ಭಯವಿದೆ ಎಂದು 2010ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ತೋರಿಸಿತು. ಇರಾನಿನ ನತಾಂಜ್ ಅಣು ಕೇಂದ್ರಕ್ಕೆ ಆ ಹುಳು ಪೆನ್‌ಡ್ರೈವಿನ ದಾರಿಯಲ್ಲಿ ಹೊಕ್ಕಿತೆಂದು ಹೇಳುತ್ತಾರೆ. ಅಲ್ಲಿಗೆ ಪೆನ್‌ಡ್ರೈವ್ ಮುಟ್ಟಿಸಲು ಗೂಢಚಾರರೇ ಬೇಕಾಯಿತಂತೆ. ನಮ್ಮಲ್ಲಿ ಎದುರಿನ ಡಿಟಿಪಿ ಅಂಗಡಿಯ ಒಂದು ಪೆನ್‌ಡ್ರೈವ್ ದಿನಕ್ಕೆ ಎಷ್ಟೋ ಸಲ ರಸ್ತೆ ದಾಟುತ್ತದೆ. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಠರಾವು, ಯಾರದೋ ನಾಮಕರಣದ ಬ್ಯಾನರು, ಆ ಅಂಗಡಿಗೆ ಬಂದ ಊರಿನ ಅಷ್ಟೂ ವೈರಸ್ಸುಗಳು, ಎಲ್ಲವೂ ಒಂದರಲ್ಲೇ.

ರಾಜ್ಯ ಸರ್ಕಾರದ ಔದಾರ್ಯವನ್ನು ಹೊಗಳದಿದ್ದರೆ ಈ ಲೇಖನ ಅಪೂರ್ಣ. ಊರಿಂದೂರಿಗೆ ಅಲೆಯುವ ಗ್ರಾಮ ಆಡಳಿತ ಅಧಿಕಾರಿಗಳಿಗೆ ಅದು ಹದಿನೈದಕ್ಕೂ ಹೆಚ್ಚು ಆ್ಯಪ್‌ಗಳನ್ನು ಕೊಟ್ಟಿತು. ಬಗರ್ ಹುಕುಂ, ಆಧಾರ್ ಜೋಡಣೆ, ಲ್ಯಾಂಡ್ ಬೀಟ್, ಇ–ಆಫೀಸ್, ಚುನಾವಣೆಯದು ಬೇರೆ. ಕೊಡುವ ಭರದಲ್ಲಿ ಫೋನ್ ಕೊಡುವುದು ಮರೆತುಹೋಯಿತು. ಕೂರಲು ಕುರ್ಚಿ–ಮೇಜೂ ಇಲ್ಲ ಎಂದು ಅವರು 2024ರ ಸೆಪ್ಟೆಂಬರಿನಲ್ಲಿ ರಾಜ್ಯವ್ಯಾಪಿ ಮುಷ್ಕರಕ್ಕೆ ಕೂತರು. ಹಾಗಾಗಿ ಸರ್ಕಾರದ ಜಮೀನಿನ ಗಡಿ, ಜನರ ಆಧಾರ್, ಮತದಾರರ ಪಟ್ಟಿ ಇವೆಲ್ಲ ನೌಕರನ ಸ್ವಂತ ಫೋನಿನಲ್ಲಿ, ಅವನ ಸ್ವಂತ ರೀಚಾರ್ಜಿನ ಮೇಲೆ ಸಂಸಾರ ಮಾಡಿಕೊಂಡಿವೆ. ಸಂಜೆ ಮನೆಗೆ ಹೋದ ಮೇಲೆ ಅದೇ ಫೋನಿನಲ್ಲಿ ಮಗ ಗೇಮ್ ಆಡುತ್ತಾನೆ. ಗೇಮಿನ ನಡುವೆ ಬಂದ ಜಾಹೀರಾತನ್ನೂ ಒತ್ತುತ್ತಾನೆ. ಇಂದು ಇಷ್ಟು ಶೇಕಡಾ ಆಗದಿದ್ದರೆ ಕಾರಣ ಕೇಳಿ ನೋಟಿಸ್ ಎಂಬ ಸಂದೇಶ ರಾತ್ರಿ ಹತ್ತಕ್ಕೆ ಬಂದಾಗ ಆ ನೌಕರ ತನ್ನ ಐಡಿಯನ್ನು ಹೆಂಡತಿಗೋ ಗ್ರಾಮ ಸಹಾಯಕನಿಗೋ ಕೊಟ್ಟು ಎಂಟ್ರಿ ಮಾಡಿಸುತ್ತಾನೆ. ಅವನಿಗೆ ಸೈಬರ್ ಸುರಕ್ಷತೆಯ ಅರಿವು ಇಲ್ಲವೆಂದು ವರದಿ ಬರೆಯುವವರು, ಆ ಗುರಿಯ ಅಂಕಿ ಹಾಕಿದವರ ಅರಿವಿನ ಬಗ್ಗೆ ಮೌನವಾಗಿರುವುದು ಶಿಷ್ಟಾಚಾರ.

ಅರಿವು ಮೂಡಿಸುವ ಕೆಲಸವೂ ಭರದಿಂದ ನಡೆದಿದೆ. ಅಕ್ಟೋಬರ್ ಸೈಬರ್ ಜಾಗೃತಿಯ ತಿಂಗಳು. ನಮ್ಮಲ್ಲಿ ಅದೇ ತಿಂಗಳ 23ರಿಂದ ಕಿತ್ತೂರು ಉತ್ಸವ. ಸಿಬ್ಬಂದಿಯೆಲ್ಲ ಬಂದೋಬಸ್ತು, ಊಟದ ಕೂಪನ್ನು, ಗಣ್ಯರ ಕುರ್ಚಿಗಳಲ್ಲಿ ಮುಳುಗಿರುವಾಗ ಜಾಗೃತಿಯೂ ಅದರ ನಡುವೆ ಆಗಿಹೋಗುತ್ತದೆ. ಆನ್‌ಲೈನ್ ತರಬೇತಿಯಲ್ಲಿ ಅಪರಿಚಿತ ಲಿಂಕ್ ಒತ್ತಬೇಡಿ ಎಂದು ಎರಡು ತಾಸು ಹೇಳಿಕೊಟ್ಟರು. ಕೊನೆಯಲ್ಲಿ ಪ್ರಮಾಣಪತ್ರ ಬೇಕಾದವರು ಈ ಲಿಂಕ್ ಒತ್ತಿ, ಮೊಬೈಲ್ ನಂಬರ್ ಕೊಟ್ಟು, ಬಂದ ಓಟಿಪಿ ತುಂಬಿ ಎಂದು ಒಂದು ಅಪರಿಚಿತ ಲಿಂಕ್ ಬಂತು. ನೂರಕ್ಕೆ ನೂರು ಮಂದಿ ಪ್ರಮಾಣಪತ್ರ ಪಡೆದರು.

ಇನ್ನು ಏನಾದರೂ ಆಗಿಯೇ ಬಿಟ್ಟರೆ? ಹಣ ಹೋದವರು ತಕ್ಷಣ 1930ಕ್ಕೆ ಫೋನ್ ಮಾಡಿದರೆ ಕಳ್ಳನ ಖಾತೆ ತಡೆಹಿಡಿಯುವ ಸಾಧ್ಯತೆ ಇದೆ; ಸೈಬರ್ ದೂರು ಕೇಳಲು ಜಿಲ್ಲೆಗೊಂದು ಸಿಇಎನ್ ಠಾಣೆಯಿದೆ. ಕಚೇರಿಯ ಜಾಲಕ್ಕೇ ದಾಳಿಯಾದರೆ, 2022ರ ಏಪ್ರಿಲ್ 28ರ ನಿರ್ದೇಶನದ ಪ್ರಕಾರ, ಗೊತ್ತಾದ ಆರು ತಾಸಿನೊಳಗೆ ಕೇಂದ್ರದ ‘ಸರ್ಟ್–ಇನ್’ ಸಂಸ್ಥೆಗೆ ವರದಿ ಮಾಡಬೇಕು. ದೆಹಲಿಯಲ್ಲಿ ಕೂತವರ ಆಶಾವಾದಕ್ಕೆ ನಾನು ತಲೆಬಾಗುತ್ತೇನೆ. ಆರು ತಾಸಿನಲ್ಲಿ ನಮ್ಮಲ್ಲಿ ಕಾಗದ ಆವಕ ವಹಿಗೆ ಹತ್ತುತ್ತದೆ. ವಿಷಯ ನಿರ್ವಾಹಕರು ಟಿಪ್ಪಣಿ ಹಾಕಿ, ಪ್ರಥಮ ದರ್ಜೆಯವರು ನೋಡಿ, ಶಿರಸ್ತೇದಾರರು ಚರ್ಚಿಸಿ, ತಹಶೀಲ್ದಾರರ ಮೂಲಕ ಬೈಲಹೊಂಗಲದ ಉಪವಿಭಾಗಾಧಿಕಾರಿಗಳಿಗೆ, ಅವರ ಮೂಲಕ ಬೆಳಗಾವಿಗೆ. 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್ ಆಸ್ಪತ್ರೆಯ ಸರ್ವರುಗಳನ್ನು ರ‍್ಯಾನ್ಸಮ್‌ವೇರ್ ಹಿಡಿದಾಗ ಎರಡು ವಾರದ ಹತ್ತಿರ ಅಲ್ಲಿನವರು ಚೀಟಿ, ರಿಜಿಸ್ಟರು, ಕೈಬರಹಕ್ಕೆ ಮರಳಬೇಕಾಗಿ ಬಂತು. ಪಾಪ, ಅಭ್ಯಾಸ ತಪ್ಪಿತ್ತು. ನಮ್ಮವರಿಗೆ ಆ ತೊಂದರೆಯಿಲ್ಲ. ಪ್ರತಿ ಆನ್‌ಲೈನ್ ಅರ್ಜಿಯನ್ನೂ ಪ್ರಿಂಟ್ ತೆಗೆಸಿ, ಎರಡು ಝೆರಾಕ್ಸ್ ಲಗತ್ತಿಸಿ, ದಾರ ಹಾಕಿ ಹೊಲಿದು ಇಡುವ ರೂಢಿಯನ್ನು ಅವರು ಎಂದೂ ಕೈಬಿಟ್ಟಿಲ್ಲ. ಯಾವ ಹುಳುವೂ ಆ ಕಟ್ಟನ್ನು ಲಾಕ್ ಮಾಡಲಾರದು. ಗೆದ್ದಲಿನ ವಿಷಯ ಬೇರೆ.

ಇತ್ತೀಚೆಗೆ ಎಲ್ಲಿಯೋ ಏನೋ ಆಗಿ, ಮೇಲಿನಿಂದ ಒಂದು ಸುತ್ತೋಲೆ ಇಳಿದಿದೆ. ‘ಅತ್ಯಂತ ತುರ್ತು’ ಎಂದು ಎರಡು ಕಡೆ ಮೊಹರು. ಎಲ್ಲ ಸಿಬ್ಬಂದಿ ಪಾಸ್‌ವರ್ಡ್ ಕೂಡಲೇ ಬದಲಿಸತಕ್ಕದ್ದು, ಬದಲಿಸಿದ ಬಗ್ಗೆ ಅನುಪಾಲನಾ ವರದಿಯನ್ನು ಲಗತ್ತಿಸಿದ ನಮೂನೆಯಲ್ಲಿ ಇಂದೇ ಸಂಜೆಯೊಳಗೆ ಕಳುಹಿಸತಕ್ಕದ್ದು. ಕೆಳಗೊಂದು ಜಿಮೇಲ್ ವಿಳಾಸ, ಜೊತೆಗೆ ‘ವಾಟ್ಸ್‌ಆ್ಯಪ್ ಮಾಡಿದರೂ ನಡೆಯುತ್ತದೆ’ ಎಂದು ಕೈಬರಹ. ನಮೂನೆಯಲ್ಲಿ ಆರು ಕಾಲಂ. ಕ್ರಮ ಸಂಖ್ಯೆ, ನೌಕರರ ಹೆಸರು, ಪದನಾಮ, ಹಳೆಯ ಪಾಸ್‌ವರ್ಡ್, ಹೊಸ ಪಾಸ್‌ವರ್ಡ್, ಷರಾ. ಆಪರೇಟರ್ ಹುಡುಗ ಎಲ್ಲರದನ್ನೂ ಕೇಳಿ ಕೇಳಿ ತುಂಬಿಸಿಕೊಂಡು, ನಾಲ್ಕು ಪ್ರತಿ ತೆಗೆಯಲು ಎದುರಿನ ಅಂಗಡಿಗೆ ಹೊರಟಿದ್ದ. ಬಾಗಿಲಲ್ಲಿ ನಿಂತು, ಒಳಗಿದ್ದ ಹಿರಿಯ ಗುಮಾಸ್ತರನ್ನು ಕೇಳಿದ:

“ಷರಾದಾಗ ಏನಂತ ಹಾಕಲ್ರಿ ಸರ?”

“ಗೌಪ್ಯ ಅಂತ ಹಾಕು.”